ಬೆಂಗಳೂರಿನ ರಸ್ತೆ, ಫುಟ್‌ಪಾತ್, ಬಸ್ಸು: ಪದೇ ಪದೇ ಕೇಳುವ ಪ್ರಶ್ನೆಗಳು

ವಾರ್ಡ್ ಸಭೆಗಳಲ್ಲಿ, ಅಪಾರ್ಟ್‌ಮೆಂಟ್ ಸಂಘಗಳಲ್ಲಿ, ಬಸ್ ಸ್ಟಾಪಿನಲ್ಲಿ ರಸ್ತೆಯ ಮಾತು ಬಂದಾಗಲೆಲ್ಲ ಜನ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇವೆ. ಉತ್ತರಗಳಲ್ಲಿ ನಮ್ಮ ಅಭಿಪ್ರಾಯವೂ ಇದೆ, ಅದನ್ನು ಮೊದಲೇ ಹೇಳಿಬಿಡುತ್ತೇವೆ: ನಗರದ ರಸ್ತೆಯನ್ನು ನಡೆಯುವವರಿಂದ ಮತ್ತು ಬಸ್ಸಿನಲ್ಲಿ ಹೋಗುವವರಿಂದ ಶುರು ಮಾಡಿ ಕಟ್ಟಬೇಕು. ಅವರಿಗೆ ಕೊಟ್ಟು ಉಳಿದದ್ದು ಕಾರಿಗೆ.

ರಸ್ತೆ ಅಗಲ ಮಾಡಿದರೆ, ಫ್ಲೈಓವರ್ ಕಟ್ಟಿದರೆ ಟ್ರಾಫಿಕ್ ಕಡಿಮೆ ಆಗಲ್ವಾ?

ಶುರುವಿನಲ್ಲಿ ಆಗುತ್ತದೆ. ಸ್ವಲ್ಪ ವರ್ಷಕ್ಕೆ ಮತ್ತೆ ಮೊದಲಿನ ಹಾಗೆಯೇ.

ಹೆಬ್ಬಾಳ ನೋಡಿ. ಅಲ್ಲಿನ ಮೇಲ್ಸೇತುವೆ 2003ರಲ್ಲಿ ತೆರೆಯಿತು. 2008ರಲ್ಲಿ ದೇವನಹಳ್ಳಿಗೆ ವಿಮಾನ ನಿಲ್ದಾಣ ಬಂತು, ಬಳ್ಳಾರಿ ರಸ್ತೆಯ ಮೇಲೆ ಇನ್ನಷ್ಟು ಮೇಲ್ರಸ್ತೆ ಬಂತು. ಈಗ ಅದೇ ಹೆಬ್ಬಾಳಕ್ಕೆ ಹೊಸ ಲೂಪ್‌ಗಳನ್ನು ಜೋಡಿಸುವ ಕೆಲಸ. ಇಪ್ಪತ್ತು ವರ್ಷದಲ್ಲಿ ಒಂದೇ ಜಾಗಕ್ಕೆ ಎಷ್ಟು ಸಲ ಔಷಧಿ ಹಾಕಿದ್ದೇವೆ ಎಂದು ಲೆಕ್ಕ ಹಾಕಿದರೆ ಔಷಧಿಯ ಬಗ್ಗೆಯೇ ಅನುಮಾನ ಬರಬೇಕು.

ಇದಕ್ಕೆ ಕಾರಣ ಸರಳ. ರಸ್ತೆ ಖಾಲಿಯಾಯಿತು ಎಂದು ಗೊತ್ತಾದ ಕೂಡಲೇ ಜನ ತಮ್ಮ ಅಭ್ಯಾಸ ಬದಲಿಸುತ್ತಾರೆ. ಬೆಳಿಗ್ಗೆ ಏಳಕ್ಕೇ ಮನೆ ಬಿಡುತ್ತಿದ್ದವರು ಒಂಬತ್ತಕ್ಕೆ ಬಿಡುತ್ತಾರೆ. ಬಸ್ಸಿನಲ್ಲಿ ಹೋಗುತ್ತಿದ್ದವರು ಸ್ಕೂಟರ್ ತೆಗೆಯುತ್ತಾರೆ. "ಸಿಟಿಗೆ ಅರ್ಧ ಗಂಟೆ ಅಷ್ಟೇ" ಎಂದು ಬಿಲ್ಡರ್‌ಗಳು ಜಾಹೀರಾತು ಹಾಕುತ್ತಾರೆ, ಅದನ್ನು ನಂಬಿ ದೂರದಲ್ಲಿ ಮನೆ ಕೊಂಡವರಿಗೆ ಕಾರಿಲ್ಲದೆ ಬೇರೆ ದಾರಿ ಇರುವುದಿಲ್ಲ. ಅಮೆರಿಕದ ಹ್ಯೂಸ್ಟನ್‌ನಲ್ಲಿ ಕೇಟಿ ಫ್ರೀವೇ ಎಂಬ ಹೆದ್ದಾರಿಯನ್ನು 2008ರ ಹೊತ್ತಿಗೆ ಕೆಲವು ಕಡೆ, ಪಕ್ಕದ ಸರ್ವಿಸ್ ರೋಡ್ ಸೇರಿ, 26 ಲೇನ್‌ವರೆಗೆ ಅಗಲ ಮಾಡಿದರು. ಕೆಲವೇ ವರ್ಷಗಳಲ್ಲಿ ದಟ್ಟಣೆಯ ಹೊತ್ತಿನ ಪ್ರಯಾಣ ಮತ್ತೆ ನಿಧಾನವಾಗತೊಡಗಿತು. ಅಷ್ಟು ಜಾಗ ಬೆಂಗಳೂರಿನಲ್ಲಿ ಎಲ್ಲಿಂದ ತರುತ್ತೀರಿ?

ಇನ್ನೊಂದು ವಿಷಯ. ಫ್ಲೈಓವರ್ ಜಾಮನ್ನು ಕರಗಿಸುವುದಕ್ಕಿಂತ ಹೆಚ್ಚಾಗಿ ಮುಂದಿನ ಸಿಗ್ನಲ್ಲಿಗೆ ಸಾಗಿಸುತ್ತದೆ. ಅಗಲ ಮಾಡುವಾಗ ಮೊದಲು ಹೋಗುವುದು ಫುಟ್‌ಪಾತ್, ಆಮೇಲೆ ಮರ. ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗಿನ ಉಕ್ಕಿನ ಸೇತುವೆಗೆ ಎಂಟುನೂರಕ್ಕೂ ಹೆಚ್ಚು ಮರ ಬಲಿಯಾಗಬೇಕಿತ್ತು. 2016ರ ಅಕ್ಟೋಬರಿನಲ್ಲಿ ಸಾವಿರಾರು ಜನ ರಸ್ತೆ ಬದಿ ಸಾಲಾಗಿ ಕೈ ಹಿಡಿದು ನಿಂತು "ಬೇಡ" ಎಂದರು, 2017ರ ಮಾರ್ಚ್‌ನಲ್ಲಿ ಸರ್ಕಾರ ಯೋಜನೆ ಕೈಬಿಟ್ಟಿತು. ಕೇಳಿದರೆ ಆಗುತ್ತದೆ ಎಂಬುದಕ್ಕೆ ಈ ಊರಿನಲ್ಲಿ ಅದೊಂದು ಗಟ್ಟಿ ಉದಾಹರಣೆ.

ಹಾಗಾದರೆ ಒಂದು ರಸ್ತೆ ಚೆನ್ನಾಗಿದೆ ಎಂದು ಯಾವ ಲೆಕ್ಕದಲ್ಲಿ ಹೇಳುವುದು?

ಗಂಟೆಗೆ ಎಷ್ಟು ಜನ ದಾಟಿದರು ಎಂಬ ಲೆಕ್ಕದಲ್ಲಿ. ನಮ್ಮಲ್ಲಿ ಇಂಜಿನಿಯರ್‌ಗಳು ಇಂದಿಗೂ ವಾಹನ ಎಣಿಸುತ್ತಾರೆ. ಕೇಂದ್ರ ಸರ್ಕಾರದ 2006ರ ನಗರ ಸಾರಿಗೆ ನೀತಿಯೇ ವಾಹನಗಳಿಗಿಂತ ಜನರ ಓಡಾಟಕ್ಕೆ ಆದ್ಯತೆ ಕೊಡಿ ಎನ್ನುತ್ತದೆ.

ಹತ್ತಡಿ ಅಗಲದ ಒಂದು ಲೇನ್ ತೆಗೆದುಕೊಳ್ಳಿ. ಕಾರುಗಳೇ ತುಂಬಿದ್ದರೆ ಅದರಲ್ಲಿ ಗಂಟೆಗೆ ಸಾಗುವವರು ಅಂದಾಜು 600ರಿಂದ 1,600 ಜನ. ಅದೇ ಲೇನ್ ಬಸ್ಸಿಗೆ ಮೀಸಲಾಗಿ, ಬಸ್ಸುಗಳು ಒಂದರ ಹಿಂದೆ ಒಂದು ಬಂದರೆ 4,000ದಿಂದ 8,000. ಅಷ್ಟೇ ಅಗಲದ ಒಳ್ಳೆಯ ಫುಟ್‌ಪಾತ್ ಆದರೆ 8,000ಕ್ಕೂ ಹೆಚ್ಚು. ಇವು ಅಮೆರಿಕದ ನಗರ ಸಾರಿಗೆ ಅಧಿಕಾರಿಗಳ ಸಂಘವಾದ ನ್ಯಾಕ್ಟೋ ಕೊಡುವ ಅಂಕಿಗಳು. ನಮ್ಮ ಬಸ್ಸುಗಳಲ್ಲಿ ನಿಂತು ಹೋಗುವವರನ್ನೂ ಸೇರಿಸಿದರೆ ಅಂತರ ಇನ್ನೂ ಹೆಚ್ಚುತ್ತದೆ.

ಸುರಂಗ ರಸ್ತೆ ಆದರೆ ಮೇಲಿನ ರಸ್ತೆಗೆ ತೊಂದರೆ ಇಲ್ಲವಲ್ಲ?

ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗೆ ಪ್ರಸ್ತಾಪವಾಗಿರುವುದು ಸುಮಾರು 17 ಕಿಲೋಮೀಟರ್ ಸುರಂಗ, ಅಂದಾಜು ವೆಚ್ಚ 17,000 ಕೋಟಿ ರೂಪಾಯಿಗೂ ಮೇಲೆ. ಅಂದರೆ ಕಿಲೋಮೀಟರಿಗೆ ಸಾವಿರ ಕೋಟಿ. ಸುರಂಗದೊಳಗೆ ಹೋದ ಕಾರು ಎಲ್ಲೋ ಒಂದು ಕಡೆ ಮೇಲೆ ಬರಲೇಬೇಕು, ಆ ಬಾಯಿಯಲ್ಲಿ ಏನಾಗುತ್ತದೆ ಎಂಬುದೇ ನಮ್ಮ ಪ್ರಶ್ನೆ. ಸರ್ಜಾಪುರದಿಂದ ಹೆಬ್ಬಾಳಕ್ಕೆ ಮೆಟ್ರೋ ಮೂರನೇ ಹಂತದ ಮಾರ್ಗವೂ ಯೋಜನೆಯಲ್ಲಿದೆ. ಹೆಚ್ಚು ಜನರನ್ನು ಸಾಗಿಸುವುದು ಯಾವುದೋ ಅದಕ್ಕೆ ಮೊದಲು ದುಡ್ಡು ಹೋಗಲಿ.

ಫುಟ್‌ಪಾತ್‌ಗೆ ಯಾಕಿಷ್ಟು ಒತ್ತು? ದೊಡ್ಡ ಸಮಸ್ಯೆಗಳು ಬೇಕಾದಷ್ಟಿವೆ.

ಬಸ್ಸಿಗೆ ಹೋಗುವವರು, ಮೆಟ್ರೋಗೆ ಹೋಗುವವರು, ಶಾಲೆಯ ಮಕ್ಕಳು, ಕಾರು ನಿಲ್ಲಿಸಿ ಇಳಿದವರು, ಎಲ್ಲರೂ ಕೊನೆಗೆ ನಡೆಯುವವರೇ. ಮೆಟ್ರೋ ಸ್ಟೇಷನ್ ಮುಕ್ಕಾಲು ಕಿಲೋಮೀಟರ್ ದೂರದಲ್ಲಿದ್ದರೂ ನಡೆಯುವ ದಾರಿ ಸರಿ ಇಲ್ಲದಿದ್ದರೆ ಜನ ಸ್ಕೂಟರ್ ತೆಗೆಯುತ್ತಾರೆ. ತೆಗೆದ ಮೇಲೆ ಆಫೀಸಿನವರೆಗೂ ಅದರಲ್ಲೇ ಹೋಗಿಬಿಡುತ್ತಾರೆ. ಸಾವಿರಾರು ಕೋಟಿಯ ಮೆಟ್ರೋ ಅಲ್ಲಿ ಸೋಲುವುದು ಆ ಮುಕ್ಕಾಲು ಕಿಲೋಮೀಟರಿನಲ್ಲಿ.

ನಿಮ್ಮ ಮನೆ ಹತ್ತಿರದ ಮೇನ್ ರೋಡಿನಲ್ಲಿ ನೂರು ಹೆಜ್ಜೆ ನಡೆದು ನೋಡಿ. ಚರಂಡಿ ಮೇಲೆ ಚಪ್ಪಡಿ ಕಲ್ಲು ಹಾಸಿರುತ್ತಾರೆ, ಎರಡು ಕಲ್ಲುಗಳ ನಡುವೆ ಮಗುವಿನ ಕಾಲು ಸಿಕ್ಕಿಕೊಳ್ಳುವಷ್ಟು ಸಂದು. ಒಂದು ಕಲ್ಲು ಕಾಲಿಟ್ಟ ಕೂಡಲೇ ಟಕ್ ಎಂದು ವಾಲುತ್ತದೆ, ಮಳೆ ಬಂದ ದಿನವಾದರೆ ಕೆಳಗಿನ ಕೊಚ್ಚೆ ನೀರು ಚಿಮ್ಮಿ ಸೀರೆಯ ಅಂಚಿಗೋ ಪ್ಯಾಂಟಿಗೋ ಬೀಳುತ್ತದೆ. ಮುಂದೆ ಟ್ರಾನ್ಸ್‌ಫಾರ್ಮರ್. ಅದರ ಬೇಲಿ ಗೋಡೆಯಿಂದ ರಸ್ತೆ ಅಂಚಿನವರೆಗೂ ಇದೆ, ಹಾಗಾಗಿ ರಸ್ತೆಗೆ ಇಳಿಯಬೇಕು. ಇಳಿಯುವ ಎತ್ತರ ಒಂದಡಿ. ಬಸ್ಸು ಬರುತ್ತಿದೆಯೇ ಎಂದು ಹಿಂದೆ ತಿರುಗಿ ನೋಡಿಕೊಂಡು ನಾಲ್ಕು ಹೆಜ್ಜೆ ಹಾಕಿ ಮತ್ತೆ ಹತ್ತುವಷ್ಟರಲ್ಲಿ ಮರದಿಂದ ಮರಕ್ಕೆ ಎಳೆದ ಕೇಬಲ್ ಕುತ್ತಿಗೆ ಮಟ್ಟಕ್ಕೆ ಜೋತುಬಿದ್ದಿರುತ್ತದೆ. ಆಮೇಲೆ ಯಾರದೋ ಗೇಟಿನ ಇಳಿಜಾರು, ಅದರ ಮೇಲೆ ಅವರದೇ ಕಾರು. ಎದುರಿನಿಂದ ಸಿಗ್ನಲ್ ತಪ್ಪಿಸಿಕೊಂಡು ಬಂದ ಬೈಕು.

ಮಂಡಿ ನೋವಿರುವವರು ಈ ನೂರು ಹೆಜ್ಜೆಯಲ್ಲಿ ಎಷ್ಟು ಸಲ ಹತ್ತಿ ಇಳಿದರು ಎಂದು ಎಣಿಸಿ. ವಯಸ್ಸಾದವರು ಸಂಜೆ ದೇವಸ್ಥಾನಕ್ಕೆ ಹೋಗುವುದನ್ನೇ ಬಿಟ್ಟಿರುವುದು ಬಹಳ ಮನೆಗಳಲ್ಲಿ ಇದೇ ಕಾರಣಕ್ಕೆ.

ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ 103ನೇ ಸಂಹಿತೆ ಹೇಳುವುದು ಇಷ್ಟು: ವಸತಿ ಪ್ರದೇಶದಲ್ಲಿ ಕಂಬ, ಮರ ಯಾವುದೂ ಅಡ್ಡ ಬಾರದ ಕನಿಷ್ಠ 1.8 ಮೀಟರ್ ನಡೆಯುವ ಜಾಗ, ಅಂಗಡಿ ಬೀದಿಯಲ್ಲಿ 2.5 ಮೀಟರ್, ಕಟ್ಟೆಯ ಎತ್ತರ 150 ಮಿಲಿಮೀಟರ್ ಮೀರಬಾರದು. ಅಂದರೆ ಅರ್ಧ ಅಡಿ. ಇವು ಸಂಹಿತೆಯ 2012ರ ಆವೃತ್ತಿಯ ಅಳತೆಗಳು. ಒಂದು ಟೇಪ್ ಹಿಡಿದು ನಿಮ್ಮ ಬೀದಿಯಲ್ಲಿ ಅಳೆಯಿರಿ.

ಟೆಂಡರ್‌ಶ್ಯೂರ್ ರಸ್ತೆಗಳಿಗೆ ಅಷ್ಟೊಂದು ಖರ್ಚು ಮಾಡಿದ್ದು ಸರಿಯೇ?

ಸರಿ ಎಂದೇ ನಮ್ಮ ಅಭಿಪ್ರಾಯ. ಟೆಂಡರ್‌ಶ್ಯೂರ್ ಎಂದರೆ ರಸ್ತೆ, ಫುಟ್‌ಪಾತ್, ಕೆಳಗಿನ ಪೈಪು ಕೇಬಲ್ ಎಲ್ಲವನ್ನೂ ಒಟ್ಟಿಗೆ ಯೋಜಿಸಿ ಕಟ್ಟುವ ವಿಧಾನ. ರೆಸಿಡೆನ್ಸಿ ರಸ್ತೆ, ಕನ್ನಿಂಗ್‌ಹ್ಯಾಮ್ ರಸ್ತೆ, ಸೇಂಟ್ ಮಾರ್ಕ್ಸ್ ರಸ್ತೆಗಳಲ್ಲಿ ನೀರಿನ ಪೈಪು, ಒಳಚರಂಡಿ, ವಿದ್ಯುತ್ ಕೇಬಲ್, ಇಂಟರ್ನೆಟ್ಟಿನ ಓಎಫ್‌ಸಿ ಕೇಬಲ್ ಎಲ್ಲವನ್ನೂ ಫುಟ್‌ಪಾತ್‌ನ ಕೆಳಗೆ ಸರಿಸಿ ಜೋಡಿಸಿದರು. ಎಲ್ಲಿ ಏನಿದೆ ಎಂಬುದಕ್ಕೆ ಚೇಂಬರ್‌ಗಳಿವೆ. ಹೊಸ ಕೇಬಲ್ ಎಳೆಯಬೇಕಾದರೆ ಮುಚ್ಚಳ ತೆಗೆದರೆ ಸಾಕು, ಟಾರು ಅಗೆಯುವ ಹಾಗಿಲ್ಲ.

ಸಾಮಾನ್ಯ ರಸ್ತೆಯಲ್ಲಿ ಆಗುವುದೇನು? ಪಾಲಿಕೆ ಟಾರು ಹಾಕುತ್ತದೆ. ಮರುತಿಂಗಳು ಜಲಮಂಡಳಿ ಅಗೆಯುತ್ತದೆ, ಆಮೇಲೆ ಬೆಸ್ಕಾಂ, ಆಮೇಲೆ ಗ್ಯಾಸ್ ಪೈಪಿನವರು. ಪ್ರತಿ ಸಲದ ತೇಪೆಯೂ ಕುಸಿದು ಗುಂಡಿಯಾಗುತ್ತದೆ. ಈ ಎಲ್ಲ ಖರ್ಚನ್ನು ಹತ್ತು ವರ್ಷಕ್ಕೆ ಕೂಡಿಸಿ ನೋಡದೆ ಟೆಂಡರ್‌ಶ್ಯೂರ್ ದುಬಾರಿ ಎನ್ನುವುದು ನ್ಯಾಯವಲ್ಲ. ನಮ್ಮ ತಕರಾರು ಬೇರೆ. ನಗರದ ಮಧ್ಯದ ಶ್ರೀಮಂತ ರಸ್ತೆಗಳಲ್ಲಿ ಮೊದಲು ಮಾಡಿದ್ದು ಪೀಣ್ಯಕ್ಕೆ, ಲಗ್ಗೆರೆಗೆ, ಬೊಮ್ಮನಹಳ್ಳಿಗೆ ಇನ್ನೂ ಆ ಗುಣಮಟ್ಟದಲ್ಲಿ ತಲುಪಿಲ್ಲ. ಅಲ್ಲಿ ನಡೆದು ಕೆಲಸಕ್ಕೆ ಹೋಗುವವರು ಹೆಚ್ಚು.

ಫುಟ್‌ಪಾತ್ ಸರಿ ಮಾಡಬೇಕಾದರೆ ಬೀದಿ ವ್ಯಾಪಾರಿಗಳನ್ನು ಎಬ್ಬಿಸಬೇಕಲ್ಲವೇ?

ಬೇಡ. ಸೊಪ್ಪು, ಹೂವು, ಕಡಲೆಕಾಯಿ ಮಾರುವವರು ಇರುವ ಬೀದಿಯಲ್ಲಿ ರಾತ್ರಿ ಎಂಟಕ್ಕೆ ಹೆಣ್ಣುಮಕ್ಕಳು ಧೈರ್ಯವಾಗಿ ನಡೆಯುತ್ತಾರೆ. ಅಂಗಡಿಯಿಲ್ಲದ ಕಾಂಪೌಂಡ್ ಗೋಡೆಯ ಪಕ್ಕ ನಡೆಯಲು ಹೆದರುತ್ತಾರೆ. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆ ಅವರಿಗೆ ಹಕ್ಕು ಕೊಟ್ಟಿದೆ. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇಕಡಾ 40ರಷ್ಟು ಸದಸ್ಯರು ವ್ಯಾಪಾರಿಗಳೇ ಆಗಿರಬೇಕು ಎನ್ನುತ್ತದೆ. ರಸ್ತೆಯ ನಕ್ಷೆ ಬರೆಯುವಾಗಲೇ ನಡೆಯುವ ಜಾಗ, ಮರದ ಸಾಲು, ತಳ್ಳುಗಾಡಿ ನಿಲ್ಲುವ ಜಾಗ ಎಂದು ಮೂರು ಪಟ್ಟಿ ಹಾಕಿದರೆ ಜಗಳವೇ ಇರುವುದಿಲ್ಲ. ನಡೆಯುವ ಜಾಗವನ್ನು ನುಂಗಿರುವುದು ಬಹುತೇಕ ನಿಲ್ಲಿಸಿದ ವಾಹನಗಳು, ದೂರು ಹೋಗುವುದು ಮಾತ್ರ ಹೂವಿನಮ್ಮನ ಮೇಲೆ.

ಕಾರು ಬಿಡದಿದ್ದರೆ ಅಂಗಡಿಗಳಿಗೆ ವ್ಯಾಪಾರ ಕಡಿಮೆ ಆಗುತ್ತದಂತೆ?

ಅಂಗಡಿಯವರ ಈ ಭಯ ನಮಗೆ ಅರ್ಥವಾಗುತ್ತದೆ, ಆದರೆ ಅನುಭವ ಬೇರೆ ಹೇಳುತ್ತದೆ. ಚರ್ಚ್ ಸ್ಟ್ರೀಟನ್ನು ಕಲ್ಲುಹಾಸಿನ ಬೀದಿಯಾಗಿ ಮಾಡಿ 2018ರ ಮಾರ್ಚ್‌ನಲ್ಲಿ ತೆರೆದರು. 2020ರ ನವೆಂಬರಿನಿಂದ ಕೆಲವು ತಿಂಗಳು ಶನಿವಾರ, ಭಾನುವಾರ ವಾಹನಗಳನ್ನೇ ಬಿಡಲಿಲ್ಲ. ಮಕ್ಕಳು ರಸ್ತೆ ನಡುವೆ ಓಡಾಡಿದರು, ಪುಸ್ತಕದಂಗಡಿಗಳ ಮುಂದೆ ಜನ ನಿಂತು ಮಾತಾಡಿದರು. ಚೆನ್ನೈನ ಟಿ. ನಗರದಲ್ಲಿ ಪಾಂಡಿ ಬಜಾರ್ 2019ರಲ್ಲಿ ಅಗಲವಾದ ನಡೆದಾಡುವ ಬೀದಿಯಾಯಿತು, ಅಲ್ಲಿ ಸೀರೆ, ಬಟ್ಟೆ ವ್ಯಾಪಾರ ಭರ್ಜರಿಯಾಗಿಯೇ ನಡೆಯುತ್ತಿದೆ. ಕಾರಿನಲ್ಲಿ ಹೋಗುವವರು ಅಂಗಡಿ ದಾಟಿ ಹೋಗುತ್ತಾರೆ, ನಡೆದು ಬರುವವರು ಒಳಗೆ ಬರುತ್ತಾರೆ. ನಮ್ಮ ಚಿಕ್ಕಪೇಟೆ, ಅವೆನ್ಯೂ ರಸ್ತೆ ಎಷ್ಟು ತಲೆಮಾರಿನಿಂದ ಹೀಗೇ ಬದುಕಿಲ್ಲ?

ಮೆಟ್ರೋ ಬಂತಲ್ಲ, ಇನ್ನು ಬಸ್ಸು ಯಾಕೆ?

ಮೆಟ್ರೋ 2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿ–ಎಂ.ಜಿ. ರಸ್ತೆ ನಡುವೆ ಶುರುವಾಯಿತು. 2025ರ ಆಗಸ್ಟ್‌ನಲ್ಲಿ ಆರ್.ವಿ. ರಸ್ತೆ–ಬೊಮ್ಮಸಂದ್ರ ಹಳದಿ ಮಾರ್ಗ ಸೇರಿ ಸುಮಾರು 96 ಕಿಲೋಮೀಟರ್ ಆಯಿತು. ಅದಕ್ಕೆ ಹದಿನಾಲ್ಕು ವರ್ಷ ಹಿಡಿಯಿತು. ಮೆಟ್ರೋ ಬೇಕು, ಇನ್ನೂ ಬೇಕು. ಆದರೆ ಉತ್ತರಹಳ್ಳಿಯ ಒಳರಸ್ತೆಗೆ, ಹೊರಮಾವಿನ ಹಿಂದಿನ ಬಡಾವಣೆಗೆ ಮೆಟ್ರೋ ಬರುವುದಿಲ್ಲ, ಬಸ್ಸು ಬರುತ್ತದೆ. ಹೊಸ ಬಸ್ಸನ್ನು ಒಂದೇ ವರ್ಷದಲ್ಲಿ ರಸ್ತೆಗೆ ತರಬಹುದು, ಜನ ಎಲ್ಲಿ ಹೆಚ್ಚಾದರೋ ಅಲ್ಲಿಗೆ ತಿರುಗಿಸಬಹುದು.

ಬಸ್ಸಿನ ಗುಟ್ಟು ಇರುವುದು ಎಷ್ಟು ಹೊತ್ತಿಗೊಂದು ಬರುತ್ತದೆ ಎಂಬುದರಲ್ಲಿ. ಅರ್ಧ ಗಂಟೆಗೊಂದು ಬಂದರೆ ಸರಾಸರಿ ಕಾಯುವುದು ಹದಿನೈದು ನಿಮಿಷ, ಒಂದು ತಪ್ಪಿದರೆ ಕೆಲಸಕ್ಕೆ ಅರ್ಧ ಗಂಟೆ ತಡ. ಆರು ನಿಮಿಷಕ್ಕೊಂದು ಬಂದರೆ ಯಾರೂ ವೇಳಾಪಟ್ಟಿ ನೋಡುವುದಿಲ್ಲ. ಮನೆಯಿಂದ ಮೆಟ್ರೋ ಸ್ಟೇಷನ್ನಿಗೆ ಹೋಗುವ ಚಿಕ್ಕ ಬಸ್ಸುಗಳಿಗಂತೂ ಈ ಮಾತು ಇನ್ನೂ ಹೆಚ್ಚು ಸಲ್ಲುತ್ತದೆ. ನಾಲ್ಕು ಕಿಲೋಮೀಟರ್ ಹೋಗಲು ಇಪ್ಪತ್ತು ನಿಮಿಷ ಯಾರು ಕಾಯುತ್ತಾರೆ?

ದರದ ಮಾತನ್ನೂ ಹೇಳಬೇಕು. 2025ರ ಫೆಬ್ರವರಿಯಲ್ಲಿ ಮೆಟ್ರೋದ ಗರಿಷ್ಠ ದರ 60 ರೂಪಾಯಿಯಿಂದ 90ಕ್ಕೆ ಏರಿತು. ಇಬ್ಬರು ಹೋಗುವುದಾದರೆ ಸ್ಕೂಟರಿಗೆ ಹಾಕುವ ಪೆಟ್ರೋಲೇ ಅಗ್ಗ. ಮೆಟ್ರೋ ದರವನ್ನು ಸ್ಕೂಟರಿನ ಖರ್ಚಿನ ಜೊತೆ ಇಟ್ಟು ನೋಡಿ ನಿಗದಿ ಮಾಡಬೇಕು.

ಬಸ್ಸಿಗೆ ಬೇರೆ ಲೇನ್ ಕೊಡುವುದು ನಮ್ಮ ದೇಶದಲ್ಲಿ ನಡೆಯುತ್ತದಾ?

ನಡೆದಿದೆ. 2019ರ ಅಕ್ಟೋಬರಿನಲ್ಲಿ ಹೊರವರ್ತುಲ ರಸ್ತೆಯಲ್ಲಿ, ಸಿಲ್ಕ್ ಬೋರ್ಡಿನಿಂದ ಕೆ.ಆರ್. ಪುರದವರೆಗೆ ಬಸ್ಸಿಗೆ ಮೀಸಲು ಲೇನ್ ಮಾಡಿದರು. ಸಣ್ಣ ಕಂಬಗಳನ್ನು ನೆಟ್ಟು ಬೇರ್ಪಡಿಸಿದ್ದರು. ಪಕ್ಕದಲ್ಲಿ ಕಾರುಗಳು ನಿಂತಿರುವಾಗ ಬಸ್ಸು ಮುಂದೆ ಹೋಗುವುದನ್ನು ಈ ಊರಿನವರು ಕಣ್ಣಾರೆ ಕಂಡರು. ಆಮೇಲೆ ಅದೇ ರಸ್ತೆಯಲ್ಲಿ ಮೆಟ್ರೋ ಕಾಮಗಾರಿ ಶುರುವಾಗಿ ಲೇನ್ ಹೋಯಿತು. ಕಾಮಗಾರಿ ಮುಗಿದ ಕಡೆಯೆಲ್ಲ ಅದು ಮರಳಿ ಬರಬೇಕು ಎಂಬುದು ನಮ್ಮ ಒತ್ತಾಯ.

ನಮ್ಮ ರಾಜ್ಯದ ಪೂರ್ಣ ಪ್ರಮಾಣದ ಉದಾಹರಣೆ ಹುಬ್ಬಳ್ಳಿ–ಧಾರವಾಡದ ಚಿಗರಿ ಬಸ್ ಸೇವೆ. 2018ರಲ್ಲಿ ಪ್ರಾಯೋಗಿಕವಾಗಿ ಓಡಿ, 2020ರ ಫೆಬ್ರವರಿಯಲ್ಲಿ ವಿಧ್ಯುಕ್ತವಾಗಿ ಉದ್ಘಾಟನೆಯಾಯಿತು. ಎರಡೂ ಊರುಗಳ ನಡುವಿನ ಇಪ್ಪತ್ತು ಚಿಲ್ಲರೆ ಕಿಲೋಮೀಟರಿಗೆ ರಸ್ತೆಯ ನಡುವೆ ಬಸ್ಸಿನದೇ ದಾರಿ. ನಿಲ್ದಾಣದಲ್ಲೇ ಟಿಕೆಟ್, ಬಸ್ಸಿನ ನೆಲಕ್ಕೆ ಸಮನಾದ ಪ್ಲಾಟ್‌ಫಾರ್ಮ್. ಬಾಗಿಲು ತೆರೆದರೆ ಮೆಟ್ಟಿಲಿಲ್ಲದೆ ಒಳಗೆ ನಡೆಯಬಹುದು. ಮೊಮ್ಮಗುವನ್ನು ಎತ್ತಿಕೊಂಡ ಅಜ್ಜಿಗೆ ಇದು ಎಷ್ಟು ದೊಡ್ಡ ವಿಷಯ ಎಂಬುದು ಹತ್ತಿಸಿದವರಿಗೇ ಗೊತ್ತು.

ಕುಂದು ಇಲ್ಲವೆಂದಲ್ಲ. ಮಳೆಗಾಲದಲ್ಲಿ ಕೆಲವು ಕಡೆ ನೀರು ನಿಲ್ಲುತ್ತದೆ, ನಡುವಿನ ನಿಲ್ದಾಣಕ್ಕೆ ರಸ್ತೆ ದಾಟುವುದು ಕಷ್ಟ, ಉಳಿದ ವಾಹನಗಳಿಗೆ ಜಾಗ ಇಕ್ಕಟ್ಟಾಯಿತು ಎಂಬ ಸಿಟ್ಟು ಇದೆ. ಮೀಸಲು ದಾರಿಗೆ ಎಲ್ಲ ವಾಹನಗಳನ್ನೂ ಬಿಡಿ ಎಂಬ ಕೂಗೂ ಇದೆ. ನೀರು ನಿಲ್ಲುವುದನ್ನು ಸರಿಪಡಿಸಬಹುದು, ದಾಟುವ ಜಾಗ ಸರಿಪಡಿಸಬಹುದು. ದಾರಿಯನ್ನು ಎಲ್ಲರಿಗೂ ತೆರೆದರೆ ಮಾತ್ರ ಉಳಿಯುವುದೇನೂ ಇಲ್ಲ. ದೆಹಲಿಯಲ್ಲಿ 2008ರಲ್ಲಿ ಶುರುವಾದ ಅಂಬೇಡ್ಕರ್ ನಗರ–ಮೂಲ್‌ಚಂದ್ ಬಸ್ ಕಾರಿಡಾರ್ 5.8 ಕಿಲೋಮೀಟರಿಗೇ ನಿಂತಿತು, ಕಾರುಗಳು ಒಳನುಗ್ಗುವುದನ್ನು ತಡೆಯಲಿಲ್ಲ, 2016ರಲ್ಲಿ ಕಿತ್ತುಹಾಕಿದರು. ಅಹಮದಾಬಾದಿನ ಜನಮಾರ್ಗ 2009ರಿಂದ ಇಂದಿಗೂ ಓಡುತ್ತಿದೆ, ಬೆಳೆದಿದೆ. ಕೊಲಂಬಿಯಾದ ಬೊಗೊಟಾದಲ್ಲಿ ಮೇಯರ್ ಎನ್ರಿಕೆ ಪೆನ್ಯಲೋಸಾ ಕಾಲದಲ್ಲಿ, 2000ದ ಡಿಸೆಂಬರಿನಲ್ಲಿ ಬಂದ ಟ್ರಾನ್ಸ್‌ಮಿಲೇನಿಯೊ ಇಡೀ ಊರಿನ ಬೆನ್ನೆಲುಬಾಗಿದೆ.

ಶಕ್ತಿ ಯೋಜನೆಯಿಂದ ಬಸ್ಸುಗಳಲ್ಲಿ ನೂಕುನುಗ್ಗಲು ಹೆಚ್ಚಾಗಿಲ್ಲವೇ?

ಹೆಚ್ಚಾಗಿದೆ. ಅದಕ್ಕೆ ಪರಿಹಾರ ಬಸ್ಸು ಹೆಚ್ಚಿಸುವುದು. ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತವಾದ 2023ರ ಜೂನ್ 11ರಿಂದ ಮನೆಗೆಲಸದವರು, ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಟಿಕೆಟಿನ ದುಡ್ಡಿಗೆ ಹೆದರದೆ ದೂರದ ಒಳ್ಳೆಯ ಕೆಲಸ ಹುಡುಕಿಕೊಳ್ಳುತ್ತಿದ್ದಾರೆ. ಮುಂಚೆ ಎರಡು ಸ್ಟಾಪ್ ನಡೆದೇ ಹೋಗುತ್ತಿದ್ದವರು ಈಗ ಕೂತು ಹೋಗುತ್ತಾರೆ. ಬಸ್ಸು ತುಂಬಿದೆ ಎಂದರೆ ಬೇಕಾದವರು ಅಷ್ಟು ಜನ ಇದ್ದಾರೆ ಎಂದೇ ಅರ್ಥ.

ಉಪನಗರ ರೈಲು ಎಲ್ಲಿಗೆ ಬಂತು?

ನಾಲ್ಕು ಮಾರ್ಗಗಳು: ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ. ಒಟ್ಟು 148 ಕಿಲೋಮೀಟರ್. ಕೇಂದ್ರ ಸಂಪುಟ 2020ರ ಅಕ್ಟೋಬರಿನಲ್ಲಿ 15,767 ಕೋಟಿ ರೂಪಾಯಿಗೆ ಒಪ್ಪಿತು, 2022ರ ಜೂನ್‌ನಲ್ಲಿ ಶಂಕುಸ್ಥಾಪನೆಯಾಯಿತು. ಮೊದಲು ಕೈಗೆತ್ತಿಕೊಂಡದ್ದು ಬೈಯಪ್ಪನಹಳ್ಳಿ–ಚಿಕ್ಕಬಾಣಾವರದ ಮಲ್ಲಿಗೆ ಮತ್ತು ಹೀಲಲಿಗೆ–ರಾಜಾನುಕುಂಟೆಯ ಕನಕ. ಕೆಲಸ ಬೇಸರ ಬರುವಷ್ಟು ನಿಧಾನವಾಗಿದೆ. ತುಮಕೂರು, ಮಾಲೂರು, ರಾಮನಗರದ ಕಡೆಯಿಂದ ದಿನಾ ರೈಲಿನಲ್ಲಿ ಬಂದು ಹೋಗುವವರಿಗೆ ಇರುವ ಹಳಿಗಳ ಮೇಲೆಯೇ ಬೆಳಿಗ್ಗೆ ಸಂಜೆ ಇನ್ನಷ್ಟು ಮೆಮು (ಹತ್ತಿರದ ಊರುಗಳ ನಡುವಿನ ಎಲೆಕ್ಟ್ರಿಕ್ ರೈಲು) ಓಡಿಸಿದರೂ ದೊಡ್ಡ ಉಪಕಾರ.

ಎಲೆಕ್ಟ್ರಿಕ್ ಕಾರು ಕೊಂಡರೆ ಪರಿಸರಕ್ಕೆ ಒಳ್ಳೆಯದಲ್ಲವೇ?

ಹೊಗೆಗೆ ಒಳ್ಳೆಯದು. ಜಾಗಕ್ಕೆ ಅಲ್ಲ. ಎಲೆಕ್ಟ್ರಿಕ್ ಕಾರೂ ಅಷ್ಟೇ ಅಗಲ, ಅಷ್ಟೇ ಉದ್ದ. ನಗರದಲ್ಲಿ ನೋಂದಣಿಯಾದ ವಾಹನಗಳು ಒಂದು ಕೋಟಿ ದಾಟಿವೆ, ಅಷ್ಟೂ ಎಲೆಕ್ಟ್ರಿಕ್ ಆದರೂ ಸಿಲ್ಕ್ ಬೋರ್ಡಿನಲ್ಲಿ ನಿಲ್ಲುವುದು ನಿಂತೇ ನಿಲ್ಲುತ್ತವೆ. ಎಲೆಕ್ಟ್ರಿಕ್ ಬಸ್ಸು ಎಂದರೆ ನಮ್ಮ ಬೆಂಬಲ ಪೂರ್ತಿ. ಬಿಎಂಟಿಸಿ 2021ರ ಕೊನೆಯಿಂದ ಓಡಿಸುತ್ತಿದೆ.

ಈ ಬಿಸಿಲಿನಲ್ಲಿ, ಈ ಏರುತಗ್ಗಿನಲ್ಲಿ ಸೈಕಲ್ ಯಾರು ತುಳಿಯುತ್ತಾರೆ?

ಮೈಸೂರಿನಲ್ಲಿ ತುಳಿದರು. 2017ರ ಜೂನ್‌ನಲ್ಲಿ 450 ಸೈಕಲ್, 48 ನಿಲುಗಡೆಗಳೊಂದಿಗೆ ಟ್ರಿಣ್ ಟ್ರಿಣ್ ಎಂಬ ಬಾಡಿಗೆ ಸೈಕಲ್ ಸೇವೆ ಶುರುವಾಯಿತು. ಬೆಂಗಳೂರಿನ ಸೈಕಲ್ ಪಥಗಳು ಸೋತದ್ದು ಬಿಸಿಲಿಗಲ್ಲ. ಜಯನಗರದಲ್ಲಿ ಪಥದ ಮೇಲೇ ಕಾರು ನಿಂತವು. ಬಣ್ಣ ಬಳಿದರೆ ಪಥ ಆಗುವುದಿಲ್ಲ, ಕಟ್ಟೆ ಬೇಕು. ಇಂದಿಗೂ ಹಾಲಿನವರು, ಸೆಕ್ಯೂರಿಟಿ ಕೆಲಸದವರು, ಗಾರೆಯವರು ಸೈಕಲ್ಲಿನಲ್ಲೇ ಹೋಗುತ್ತಾರೆ. ಯೋಜನೆ ಮಾಡುವಾಗ ಅವರನ್ನು ಮೊದಲು ನೆನೆಯಬೇಕು.

ಮನೆ ಮುಂದೆ ಕಾರು ನಿಲ್ಲಿಸಲು ದುಡ್ಡು ಕೊಡಬೇಕೆನ್ನುವುದು ನ್ಯಾಯವೇ?

ನ್ಯಾಯ. ಒಂದು ಕಾರು ನಿಲ್ಲಲು ಸುಮಾರು ಎಂಟಡಿಗೆ ಹದಿನಾರಡಿ ಜಾಗ ಬೇಕು. ಅಷ್ಟೇ ಅಳತೆಯ ಕೋಣೆಗೆ ಅದೇ ಬೀದಿಯಲ್ಲಿ ಒಂದು ಕುಟುಂಬ ಬಾಡಿಗೆ ಕಟ್ಟಿ ಬದುಕುತ್ತದೆ. ಸಾರ್ವಜನಿಕ ರಸ್ತೆಯನ್ನು ಕಾರಿಗೆ ಉಚಿತವಾಗಿ ಬಿಟ್ಟುಕೊಟ್ಟರೆ ಎರಡನೇ ಕಾರಿಗೆ ನಾವೇ ಸಹಾಯಧನ ಕೊಟ್ಟ ಹಾಗೆ.

ಇದರ ಮುಂದಿನ ಹೆಜ್ಜೆ ದಟ್ಟಣೆ ಶುಲ್ಕ, ಅಂದರೆ ಊರಿನ ನಡುಭಾಗಕ್ಕೆ ವಾಹನ ತರುವವರು ಕೊಡಬೇಕಾದ ದುಡ್ಡು. ಸಿಂಗಾಪುರ 1975ರಲ್ಲೇ ಶುರು ಮಾಡಿತು. ಲಂಡನ್ 2003ರಲ್ಲಿ ತಂದಾಗ ಶುಲ್ಕ ಜಾರಿಯಾದ ದಿನವೇ 300 ಹೆಚ್ಚುವರಿ ಬಸ್ಸು ಬಿಟ್ಟರು. ಸ್ಟಾಕ್‌ಹೋಮ್ 2006ರಲ್ಲಿ ಏಳು ತಿಂಗಳು ಪ್ರಯೋಗ ಮಾಡಿ, ಜನಮತ ಕೇಳಿ, 2007ರಲ್ಲಿ ಕಾಯಂ ಮಾಡಿತು. ಅಲ್ಲಿ ವಾಹನ ಸುಮಾರು ಐದನೇ ಒಂದು ಪಾಲು ಕಡಿಮೆಯಾಯಿತು. ಬೆಂಗಳೂರಿನಲ್ಲಿ ಇವತ್ತೇ ತನ್ನಿ ಎಂದು ನಾವು ಹೇಳುವುದಿಲ್ಲ. ಮೊದಲು ಬಸ್ಸು, ಆಮೇಲೆ ಶುಲ್ಕ. ಬಸ್ಸಿಲ್ಲದ ಜಾಗದಿಂದ ಬೇರೆ ದಾರಿಯಿಲ್ಲದೆ ಸ್ಕೂಟರಿನಲ್ಲಿ ಬರುವವರಿಂದ ಹಣ ಕೀಳುವುದು ತಪ್ಪು.

ರಸ್ತೆ ದಾಟಲು ಸ್ಕೈವಾಕ್ ಕಟ್ಟಿದರೆ ಸಾಕಲ್ಲ?

ಹೆದ್ದಾರಿಯಂಥ ಕಡೆ ಬೇಕಾಗಬಹುದು. ಊರೊಳಗೆ ಬೇಡ. ಎಪ್ಪತ್ತು ವರ್ಷದವರು ಎರಡು ಮಹಡಿ ಹತ್ತಿ ಇಳಿಯಬೇಕು, ಕಾರು ಮಾತ್ರ ನಿಲ್ಲದೆ ಹೋಗಬೇಕು ಎನ್ನುವುದು ಯಾವ ನ್ಯಾಯ? ಲಿಫ್ಟ್ ಇದ್ದರೂ ಅದು ಕೆಟ್ಟು ನಿಂತ ದಿನ ಗಾಲಿಕುರ್ಚಿಯವರಿಗೆ ದಾರಿಯೇ ಇಲ್ಲ. ಫುಟ್‌ಪಾತ್‌ನ ಮಟ್ಟಕ್ಕೇ ಎತ್ತರಿಸಿದ ಜೀಬ್ರಾ ದಾರಿ ಹಾಕಿದರೆ ಜನ ನೇರ ನಡೆಯುತ್ತಾರೆ, ವಾಹನ ತಾನಾಗಿ ನಿಧಾನವಾಗುತ್ತದೆ. ವೇಗದ್ದೇ ಎಲ್ಲ. ಗಂಟೆಗೆ 30 ಕಿಲೋಮೀಟರಿನಲ್ಲಿ ಬಂದ ಕಾರು ಗುದ್ದಿದರೆ ಬಹುತೇಕರು ಬದುಕುತ್ತಾರೆ, ವೇಗ 50 ದಾಟಿದ ಮೇಲೆ ಅಪಾಯ ಬಹಳ ಬೇಗ ಏರುತ್ತದೆ. 2022ರಲ್ಲಿ ದೇಶದಲ್ಲಿ ರಸ್ತೆ ಅಪಘಾತಗಳಲ್ಲಿ ಸತ್ತವರು 1,68,491 ಜನ, ಹೆಚ್ಚುಕಮ್ಮಿ ಐದರಲ್ಲಿ ಒಬ್ಬರು ಪಾದಚಾರಿ.

ಮಳೆ ಬಂದರೆ ರಸ್ತೆಯೇ ಕೆರೆಯಾಗುತ್ತದೆ. ಇದಕ್ಕೂ ರಸ್ತೆಯ ವಿನ್ಯಾಸಕ್ಕೂ ಸಂಬಂಧ ಇದೆಯಾ?

ನೇರ ಸಂಬಂಧ ಇದೆ. ಹಳೆ ಟಾರು ಕೆರೆದು ತೆಗೆಯದೆ ಅದರ ಮೇಲೇ ಮತ್ತೆ ಮತ್ತೆ ಟಾರು ಹಾಕಿದ್ದರಿಂದ ಎಷ್ಟೋ ಹಳೆಯ ಬಡಾವಣೆಗಳಲ್ಲಿ ರಸ್ತೆ ಮನೆಯ ಹೊಸ್ತಿಲಿಗಿಂತ ಮೇಲೆ ಹೋಗಿದೆ. ಮಳೆ ನೀರು ಚರಂಡಿಯ ಬದಲು ಮನೆಯೊಳಗೆ ಬರುತ್ತದೆ. ಚರಂಡಿಗೆ ನೀರು ಇಳಿಯಬೇಕಾದ ಕಿಂಡಿಗಳು ಟಾರಿನಡಿ ಮುಚ್ಚಿಹೋಗಿರುತ್ತವೆ. 2022ರ ಸೆಪ್ಟೆಂಬರಿನಲ್ಲಿ ಹೊರವರ್ತುಲ ರಸ್ತೆಯ ಸುತ್ತಮುತ್ತ ಟ್ರ್ಯಾಕ್ಟರ್, ದೋಣಿಗಳಲ್ಲಿ ಜನರನ್ನು ಸಾಗಿಸಿದ್ದು ಎಲ್ಲರಿಗೂ ನೆನಪಿದೆ. ಕೆರೆಯಿಂದ ಕೆರೆಗೆ ಹೋಗುವ ರಾಜಕಾಲುವೆಯ ದಾರಿಯಲ್ಲಿ ಕಟ್ಟಡ ಕಟ್ಟಿದರೆ ನೀರು ರಸ್ತೆಯಲ್ಲೇ ಹರಿಯಬೇಕು.

ಮರಗಳದ್ದೂ ಇದೇ ಕಥೆ. ಲಾಲ್‌ಬಾಗಿನ ಮೇಲ್ವಿಚಾರಕರಾಗಿದ್ದ ಜರ್ಮನಿಯ ಕೃಂಬಿಗಲ್ ಒಂದಾದ ಮೇಲೊಂದು ಹೂಬಿಡುವ ಹಾಗೆ ಆರಿಸಿ ಈ ಊರಿನ ಬೀದಿಗಳಿಗೆ ಮರ ನೆಡಿಸಿದರು. ಇಂದು ಅವುಗಳ ಬುಡದವರೆಗೂ ಸಿಮೆಂಟು ಹಾಕುತ್ತಾರೆ. ಬೇರಿಗೆ ನೀರಿಲ್ಲ, ಗಾಳಿ ಬಂದ ದಿನ ಮರ ಉರುಳುತ್ತದೆ. ಪ್ರತಿ ಮರಕ್ಕೂ ಕನಿಷ್ಠ ನಾಲ್ಕಡಿ ಚೌಕದ ಮಣ್ಣು ಬಿಡಿಸಿ. ನೆರಳಿಲ್ಲದ ಫುಟ್‌ಪಾತ್‌ನಲ್ಲಿ ಏಪ್ರಿಲ್ ತಿಂಗಳಲ್ಲಿ ಯಾರೂ ನಡೆಯುವುದಿಲ್ಲ.

ಹಳೆ ಬಡಾವಣೆಗಳಲ್ಲಿ ನಡೆಯಲು ಸುಲಭ, ಹೊಸ ಕಡೆ ಕಷ್ಟ. ಯಾಕೆ?

ಮಲ್ಲೇಶ್ವರ, ಬಸವನಗುಡಿಗಳನ್ನು 1890ರ ದಶಕದಲ್ಲಿ ಕ್ರಾಸು, ಮೇನು ಎಂದು ಚೌಕಚೌಕವಾಗಿ ಹಾಕಿದರು. ಎಲ್ಲಿಂದ ಎಲ್ಲಿಗೆ ಹೋಗಲೂ ನಾಲ್ಕು ದಾರಿ. ಮನೆ, ಮಾರುಕಟ್ಟೆ, ಶಾಲೆ, ದೇವಸ್ಥಾನ ಹತ್ತು ನಿಮಿಷದ ನಡಿಗೆಯಲ್ಲಿವೆ. ಹೊರವಲಯದಲ್ಲಿ ಒಂದೊಂದು ಟೆಕ್ ಪಾರ್ಕ್, ಒಂದೊಂದು ಗೇಟೆಡ್ ಲೇಔಟ್ ಹತ್ತಾರು ಎಕರೆ ಗೋಡೆ ಹಾಕಿಕೊಂಡು ಕೂತಿದೆ. ಗೋಡೆಯ ಆಚೆ ಕಾಣುವ ಅಂಗಡಿಗೆ ಹೋಗಲು ಒಂದೂವರೆ ಕಿಲೋಮೀಟರ್ ಸುತ್ತಬೇಕು. ಗೋಡೆಯಲ್ಲಿ ನಡೆಯುವವರಿಗೆ ಒಂದು ಸಣ್ಣ ಗೇಟು ಬಿಟ್ಟರೂ ಎಷ್ಟೋ ಸ್ಕೂಟರ್ ಪ್ರಯಾಣಗಳು ನಿಲ್ಲುತ್ತವೆ. ಅಪಾರ್ಟ್‌ಮೆಂಟ್ ಸಂಘದವರು ಓದುತ್ತಿದ್ದರೆ ದಯವಿಟ್ಟು ಮುಂದಿನ ಸಭೆಯಲ್ಲಿ ಇದನ್ನು ಎತ್ತಿ.

ಯಾರಿಗೆ ದೂರು ಕೊಡಬೇಕು?

ಫುಟ್‌ಪಾತ್, ಚರಂಡಿ, ಬೀದಿದೀಪ ನಿಮ್ಮ ನಗರ ಪಾಲಿಕೆಗೆ. 2025ರ ಸೆಪ್ಟೆಂಬರಿನಿಂದ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ಪಾಲಿಕೆಗಳಾಗಿವೆ, ನಿಮ್ಮದು ಯಾವುದು ಎಂದು ಮೊದಲು ನೋಡಿಕೊಳ್ಳಿ. ಬಸ್ಸಿನ ಹೊತ್ತು ಮತ್ತು ಮಾರ್ಗ ಬಿಎಂಟಿಸಿಗೆ, ನಿಮ್ಮ ಹತ್ತಿರದ ಡಿಪೋ ಮ್ಯಾನೇಜರಿಗೂ ಒಂದು ಪ್ರತಿ ಕೊಡಿ. ಸಿಗ್ನಲ್ ಮತ್ತು ಅಡ್ಡಾದಿಡ್ಡಿ ಪಾರ್ಕಿಂಗ್ ಟ್ರಾಫಿಕ್ ಪೊಲೀಸರಿಗೆ. ಇವರನ್ನೆಲ್ಲ ಒಂದೇ ಮೇಜಿಗೆ ತರಬೇಕೆಂದೇ 2022ರಲ್ಲಿ ಬೆಂಗಳೂರು ಮಹಾನಗರ ಭೂಸಾರಿಗೆ ಪ್ರಾಧಿಕಾರದ ಕಾಯ್ದೆ ಬಂತು. ಅದಕ್ಕೆ ನಿಜವಾದ ಅಧಿಕಾರ ಸಿಗುವವರೆಗೆ ನಾವೇ ಒಂದು ಕಚೇರಿಯಿಂದ ಇನ್ನೊಂದಕ್ಕೆ ಅಲೆಯಬೇಕು.

2015ರಲ್ಲಿ ಆರಿಸಿದ ಕಾರ್ಪೊರೇಟರ್‌ಗಳ ಅವಧಿ 2020ರ ಸೆಪ್ಟೆಂಬರಿಗೇ ಮುಗಿಯಿತು, ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ಆಗಲಿಲ್ಲ. ಬೀದಿಯ ಸಮಸ್ಯೆಗೆ ಹೆಸರು ಹಿಡಿದು ಕರೆಯಲು ಒಬ್ಬರು ಇಲ್ಲದಿರುವುದು ಈ ಪುಟದಲ್ಲಿರುವ ಎಲ್ಲ ತೊಂದರೆಗಳನ್ನೂ ದೊಡ್ಡದು ಮಾಡಿದೆ.

ನಮ್ಮ ರಸ್ತೆಯಲ್ಲಿ ವೈಟ್ ಟಾಪಿಂಗ್ ಮಾಡುತ್ತಾರಂತೆ. ಈಗ ಏನು ಕೇಳಬೇಕು?

ವೈಟ್ ಟಾಪಿಂಗ್ ಎಂದರೆ ರಸ್ತೆಗೆ ಟಾರಿನ ಬದಲು ಕಾಂಕ್ರೀಟ್ ಹಾಸುವುದು. ಕೆಲಸ ಶುರುವಾಗುವ ಮೊದಲೇ ಹೋಗಿ. ಕಾಂಕ್ರೀಟ್ ಬಿದ್ದ ಮೇಲೆ ಹತ್ತಾರು ವರ್ಷ ಬದಲಿಸಲು ಆಗುವುದಿಲ್ಲ. ವಾರ್ಡ್ ಇಂಜಿನಿಯರ್ ಬಳಿ ರಸ್ತೆಯ ಅಡ್ಡಕೊಯ್ತದ (ಕ್ರಾಸ್ ಸೆಕ್ಷನ್) ನಕ್ಷೆ ಕೇಳಿ, ಕೊಡದಿದ್ದರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ನಕ್ಷೆಯಲ್ಲಿ ಫುಟ್‌ಪಾತ್ 1.8 ಮೀಟರಿಗಿಂತ ಕಡಿಮೆ ಇದ್ದರೆ ಸಂಹಿತೆಯ ಹೆಸರು ಹೇಳಿ ಆಕ್ಷೇಪಣೆ ಬರೆಯಿರಿ. ನೀರಿನ ಪೈಪು, ಕೇಬಲ್ ಕಾಂಕ್ರೀಟಿನ ಕೆಳಗೆ ಉಳಿಯುತ್ತವೆಯೋ ಪಕ್ಕಕ್ಕೆ ಸರಿಯುತ್ತವೆಯೋ ಎಂದು ಕೇಳಿ. ಹೊಸ ರಸ್ತೆಯ ಮಟ್ಟ ಮನೆಗಳ ಹೊಸ್ತಿಲಿಗಿಂತ ಎಷ್ಟು ಕೆಳಗೆ ಇರುತ್ತದೆ, ಮರದ ಬುಡಕ್ಕೆ ಎಷ್ಟು ಮಣ್ಣು ಬಿಡುತ್ತಾರೆ, ಬಸ್ ಸ್ಟಾಪ್ ಎಲ್ಲಿ ಬರುತ್ತದೆ, ಶಾಲೆಯ ಮುಂದೆ ದಾಟುವ ದಾರಿ ಎತ್ತರಿಸಿದ್ದೋ ಬರೀ ಬಣ್ಣವೋ, ಇದನ್ನೆಲ್ಲ ಕೇಳಿ. ಬೀದಿಯ ಫೋಟೋಗಳನ್ನು ದಿನಾಂಕ ಹಾಕಿ ಈಗಲೇ ತೆಗೆದಿಟ್ಟುಕೊಳ್ಳಿ. ಅರ್ಜಿಯನ್ನು ಒಬ್ಬರೇ ಕೊಡುವ ಬದಲು ಅಂಗಡಿಯವರು, ಶಾಲೆಯ ಹೆಡ್‌ಮಿಸ್, ತಳ್ಳುಗಾಡಿಯವರು, ಆಟೋ ಸ್ಟ್ಯಾಂಡಿನವರ ಸಹಿ ಹಾಕಿಸಿಕೊಂಡು ಒಟ್ಟಿಗೆ ಹೋಗಿ, ಸ್ವೀಕೃತಿಯ ಮೊಹರು ಹಾಕಿಸಿಕೊಂಡೇ ಕಚೇರಿಯಿಂದ ಹೊರಡಿ.